ಇಪ್ಪತ್ತಾರು ಅಂಕಿಗಳ ಒಂದು ಸಂಖ್ಯೆ

ಈ ಸಲದ ಅಂಕಣಕ್ಕೆ ಒಂದೇ ಒಂದು ಸಂಖ್ಯೆ ಸಾಕು. ಅದು ಇದು:

18,947,668,177,995,426,462,773,730

ನಮ್ಮ ಪದ್ಧತಿಯಂತೆ ಲಕ್ಷ, ಕೋಟಿಗೆ ಅಲ್ಪವಿರಾಮ ಹಾಕದೆ ಮೂರು ಮೂರು ಅಂಕಿಗಳಿಗೆ ಹಾಕಿದ್ದೇನೆ. ಯಾಕೆಂದು ಮುಂದೆ ಹೇಳುತ್ತೇನೆ. ಎಣಿಸಿದರೆ ಒಟ್ಟು 26 ಅಂಕಿ. ಬಾಯಲ್ಲಿ ಹೇಳುವುದಾದರೆ ಸುಮಾರು 18,947 ಕೋಟಿ ಕೋಟಿ ಕೋಟಿ. ‘ಕೋಟಿ’ಯನ್ನು ಮೂರು ಸಲ ಬರೆದದ್ದು ಅಚ್ಚಿನ ತಪ್ಪಲ್ಲ.

ಈ ಸಂಖ್ಯೆಗೆ ಹುಟ್ಟಿದ ದಿನವೂ ಇದೆ, ಊರೂ ಇದೆ. 1980ರ ಜೂನ್ 18, ಲಂಡನ್ನಿನ ಇಂಪೀರಿಯಲ್ ಕಾಲೇಜು. ಅಲ್ಲಿನ ಕಂಪ್ಯೂಟರ್ ವಿಭಾಗದವರು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದ ಹಾಗೆ, 13 ಅಂಕಿಗಳ ಎರಡು ಸಂಖ್ಯೆಗಳನ್ನು ಆರಿಸಿದರು:

7,686,369,774,870
2,465,099,745,779

ಎದುರಿಗಿದ್ದವರು ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ. ಎರಡನ್ನೂ ಮನಸ್ಸಿನಲ್ಲೇ ಗುಣಿಸಿ ಮೇಲಿನ ಉತ್ತರ ಕೊಟ್ಟರು. ಗಿನ್ನೆಸ್ ಪುಸ್ತಕದಲ್ಲಿ ದಾಖಲಾಗಿರುವ ಸಮಯ 28 ಸೆಕೆಂಡು. ನಮ್ಮ ವಾಶಿ ಸ್ಟೇಷನ್ನಿನಲ್ಲಿ ಹಾರ್ಬರ್ ಲೈನಿನ ಲೋಕಲ್ ನಿಂತು, ಇಳಿಯುವವರು ಇಳಿದು, ಹತ್ತುವವರು ನುಗ್ಗಿ, ಗಾಡಿ ಮತ್ತೆ ಹೊರಡುವಷ್ಟು ಹೊತ್ತು.

ಶಕುಂತಲಾ ದೇವಿಯವರ ಕತೆ ಹೆಚ್ಚಿನವರಿಗೆ ಗೊತ್ತು. 1929ರ ನವೆಂಬರ್ 4ರಂದು ಜನನ. ತಂದೆ ಸರ್ಕಸ್ಸಿನಲ್ಲಿದ್ದವರು. ಮಗುವಿಗೆ ಮೂರು ವರ್ಷವಿದ್ದಾಗ ಇಸ್ಪೀಟಿನ ಆಟ ಆಡಿಸುತ್ತಾ ಅವಳ ನೆನಪಿನ ಶಕ್ತಿಯನ್ನು ಗುರುತಿಸಿದರು. ಆರನೇ ವಯಸ್ಸಿಗೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರದರ್ಶನ, 1944ರಲ್ಲಿ ಲಂಡನ್. ಮುಂಬಯಿ ಕನ್ನಡಿಗರಾದ ನಮಗೆ ಅವರ ಬಗ್ಗೆ ಇನ್ನೊಂದು ಸಂಗತಿ ಗೊತ್ತಿರಬೇಕು: ಇಂಪೀರಿಯಲ್ ಕಾಲೇಜಿನ ಆ ಗುಣಾಕಾರಕ್ಕೆ ಐದೇ ತಿಂಗಳ ಹಿಂದೆ, 1980ರ ಲೋಕಸಭಾ ಚುನಾವಣೆಯಲ್ಲಿ ಅವರು ಪಕ್ಷೇತರರಾಗಿ ದಕ್ಷಿಣ ಮುಂಬಯಿಯಿಂದ ನಿಂತಿದ್ದರು. ಆಂಧ್ರದ ಮೇದಕದಲ್ಲಿ ಇಂದಿರಾ ಗಾಂಧಿಯವರ ವಿರುದ್ಧವೂ ಸ್ಪರ್ಧಿಸಿದ್ದರು. ಮತಗಳ ಲೆಕ್ಕ ಎರಡೂ ಕಡೆ ಅವರ ಪರವಾಗಿ ಬರಲಿಲ್ಲ. 2013ರ ಏಪ್ರಿಲ್ 21ರಂದು ಬೆಂಗಳೂರಿನಲ್ಲೇ ತೀರಿಕೊಂಡರು. 2020ರಲ್ಲಿ ವಿದ್ಯಾ ಬಾಲನ್ ನಟಿಸಿದ ಸಿನಿಮಾ ಬಂದ ಹೊತ್ತಿಗೆ ಗಿನ್ನೆಸ್ ಸಂಸ್ಥೆ ಈ ದಾಖಲೆಯ ಪ್ರಮಾಣಪತ್ರವನ್ನು ಅವರ ಮಗಳಿಗೆ ನೀಡಿತು.

ಆದರೆ ಇವತ್ತಿನ ಮಾತು ಅವರ ಬಗ್ಗೆ ಅಲ್ಲ, ಆ ಸಂಖ್ಯೆಯ ಬಗ್ಗೆ. ಎಲ್ಲರೂ 28 ಸೆಕೆಂಡಿನ ಬಗ್ಗೆ ಬರೆಯುತ್ತಾರೆ. ಆ 26 ಅಂಕಿಗಳನ್ನು ಕೂತು ನೋಡಿದವರು ಕಡಿಮೆ.

ಮೊದಲು ಕೆಲಸ ಎಷ್ಟು ದೊಡ್ಡದೆಂದು ನೋಡೋಣ. ಶಾಲೆಯಲ್ಲಿ ಕಲಿಸಿದ ಹಾಗೆ ಗುಣಿಸಿದರೆ ಮೇಲಿನ ಸಂಖ್ಯೆಯ 13 ಅಂಕಿಗಳಿಗೂ ಕೆಳಗಿನ 13 ಅಂಕಿಗಳಿಗೂ ಒಂದೊಂದಾಗಿ ಮಗ್ಗಿ ಹೇಳಬೇಕು. ಒಟ್ಟು 169 ಸಣ್ಣ ಗುಣಾಕಾರ. ಆಮೇಲೆ 13 ಸಾಲುಗಳ ಕೂಡಿಕೆ, ದಶಕಗಳನ್ನು ಮುಂದಕ್ಕೆ ಒಯ್ಯುವುದು ಬೇರೆ. 28 ಸೆಕೆಂಡಿನಲ್ಲಿ ಮುಗಿಸಲು ಸೆಕೆಂಡಿಗೆ ಆರು ಮಗ್ಗಿಯಂತೆ ನಡೆಯಬೇಕು. ಘನಮೂಲ, ಏಳನೇ ಮೂಲ ಇಂಥವನ್ನು ತೆಗೆಯುವುದಕ್ಕೆ ಒಳದಾರಿಗಳಿವೆ. ಉತ್ತರ ಪೂರ್ಣ ಸಂಖ್ಯೆಯೇ ಎಂದು ಮೊದಲೇ ಗೊತ್ತಿದ್ದರೆ ಕೊನೆಯ ಅಂಕಿಯೇ ಅರ್ಧ ಗುಟ್ಟು ಬಿಟ್ಟುಕೊಡುತ್ತದೆ. ಯಾರೋ ಆರಿಸಿಕೊಟ್ಟ ಎರಡು ಸಂಖ್ಯೆಗಳ ಗುಣಾಕಾರಕ್ಕೆ ಅಂಥ ಒಳದಾರಿ ಸುಲಭವಾಗಿ ಸಿಗುವುದಿಲ್ಲ. ಹಾಗಾಗಿಯೇ ಇಷ್ಟು ವೇಗವನ್ನು ನಂಬುವುದು ಕಷ್ಟ ಎಂದು ಬರೆದವರೂ ಇದ್ದಾರೆ.

ವೇಗದ ಮಾತನ್ನು ಅಲ್ಲಿದ್ದವರಿಗೇ ಬಿಡೋಣ. ನಾವು ಆ ಕೋಣೆಯಲ್ಲಿರಲಿಲ್ಲ. ಉತ್ತರ ಸರಿಯೋ ತಪ್ಪೋ ಎಂದು ತಿಳಿಯಲು ಮಾತ್ರ ಆ ಕೋಣೆಯಲ್ಲಿ ಇರಬೇಕಾಗಿಲ್ಲ. ಒಂದು ಪೆನ್ಸಿಲು, ಹರಿದ ಕ್ಯಾಲೆಂಡರಿನ ಹಿಂಬದಿ ಇದ್ದರೆ ನೀವೇ ತಾಳೆ ನೋಡಬಹುದು. 169 ಗುಣಾಕಾರಗಳನ್ನು ಮತ್ತೆ ಮಾಡುವ ಅಗತ್ಯವೂ ಇಲ್ಲ.

ಮೊದಲ ತಾಳೆ ಒಂಬತ್ತರದು. 10 ಎಂದರೆ 9+1. 100 ಎಂದರೆ 99+1. 1000 ಎಂದರೆ 999+1. ಹಾಗಾಗಿ ಯಾವುದೇ ಸಂಖ್ಯೆಯನ್ನು 9ರಿಂದ ಭಾಗಿಸಿದಾಗ ಉಳಿಯುವ ಶೇಷವೂ, ಅದರ ಅಂಕಿಗಳ ಮೊತ್ತವನ್ನು 9ರಿಂದ ಭಾಗಿಸಿದಾಗ ಉಳಿಯುವ ಶೇಷವೂ ಒಂದೇ. ಮೊದಲ ಸಂಖ್ಯೆಯ ಅಂಕಿಗಳನ್ನು ಕೂಡಿಸಿ: 78. ಮತ್ತೆ ಕೂಡಿಸಿದರೆ 15, ಮತ್ತೆ 6. ಎರಡನೆಯದರ ಮೊತ್ತ 74. ಅದು 11, ಆಮೇಲೆ 2. ಆರೆರಡಲಿ ಹನ್ನೆರಡು; 1+2 ಎಂದರೆ 3. ಈಗ 26 ಅಂಕಿಗಳ ಉತ್ತರವನ್ನು ಕೂಡಿಸಿ: 138. ಅದು 12, ಕೊನೆಗೆ 3. ತಾಳೆಯಾಯಿತು.

ಈ ಉಪಾಯ ನಮ್ಮ ನೆಲದಲ್ಲಿ ಹಳೆಯದು. ಸುಮಾರು 10ನೇ ಶತಮಾನದ ಎರಡನೇ ಆರ್ಯಭಟನ ‘ಮಹಾಸಿದ್ಧಾಂತ’ದಲ್ಲಿ ಇದೆ. ಕ್ಯಾಲ್ಕುಲೇಟರ್ ಬರುವ ಮೊದಲು ಲೆಕ್ಕ ಬರೆಯುತ್ತಿದ್ದವರಿಗೆ ಬಹಳ ಉಪಯೋಗಕ್ಕೆ ಬಂದ ವಿದ್ಯೆ. ಆದರೆ ಇದಕ್ಕೊಂದು ಕುರುಡು ಜಾಗವಿದೆ. 47 ಎಂದು ಬರೆಯುವಲ್ಲಿ 74 ಎಂದು ಬರೆದರೂ ಮೊತ್ತ 11ಕ್ಕೆ 11. ಅಂಕಿಗಳು ಅದಲುಬದಲಾದರೆ ಒಂಬತ್ತಿಗೆ ಗೊತ್ತಾಗುವುದೇ ಇಲ್ಲ. ಕೈಯಲ್ಲಿ ಬರೆಯುವಾಗಲೂ ಕೀಬೋರ್ಡಿನಲ್ಲಿ ಹೊಡೆಯುವಾಗಲೂ ನಾವು ಪದೇ ಪದೇ ಮಾಡುವ ತಪ್ಪು ಇದೇ ಜಾತಿಯದು.

ಅದಕ್ಕೇ ಎರಡನೇ ತಾಳೆ, ಹನ್ನೊಂದರದು. 10 ಎಂದರೆ 11−1. 100 ಎಂದರೆ 99+1. 1000 ಎಂದರೆ 1001−1. ಅಂದರೆ ಬಲಗಡೆಯಿಂದ ಒಂದು ಅಂಕಿ ಕೂಡಿಸು, ಮುಂದಿನದನ್ನು ಕಳೆ, ಅದರ ಮುಂದಿನದನ್ನು ಕೂಡಿಸು, ಹೀಗೆ. ಸುಲಭವಾಗಬೇಕಾದರೆ ಒಂದು ಬಿಟ್ಟು ಒಂದು ಅಂಕಿಗಳನ್ನು ಎರಡು ರಾಶಿ ಮಾಡಿಕೊಳ್ಳಿ.

ನಮ್ಮ 26 ಅಂಕಿಗಳ ಸಂಖ್ಯೆಯನ್ನು ಬಲದಿಂದ ಹಾಗೆ ಬಿಡಿಸಿದರೆ ಒಂದು ರಾಶಿಗೆ ಈ ಅಂಕಿಗಳು ಬರುತ್ತವೆ: 0, 7, 7, 2, 4, 2, 5, 9, 7, 8, 6, 4, 8. ಮೊತ್ತ 69.

ಇನ್ನೊಂದು ರಾಶಿಗೆ: 3, 3, 7, 6, 6, 4, 9, 7, 1, 6, 7, 9, 1. ಕೂಡಿಸಿ ನೋಡಿ. ಅದೂ 69!

ಎರಡು ರಾಶಿಗಳ ವ್ಯತ್ಯಾಸ ಸೊನ್ನೆ. ಅಂದರೆ ಈ ಮಹಾಸಂಖ್ಯೆ 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಈ ಗುಣ ಎಲ್ಲಿಂದ ಬಂತು? ಹುಡುಕಿದರೆ ಎರಡನೇ ಸಂಖ್ಯೆಯಲ್ಲಿ ಸಿಗುತ್ತದೆ. 2,465,099,745,779ರಲ್ಲೂ ಒಂದು ಬಿಟ್ಟು ಒಂದು ಅಂಕಿ ಕೂಡಿಸಿದರೆ 37 ಮತ್ತು 37. ಅದು 11 × 224,099,976,889. ಮೊದಲ ಸಂಖ್ಯೆಯಲ್ಲಿ ಈ ಸಮತೋಲ ಇಲ್ಲ, ಅಲ್ಲಿ 42 ಮತ್ತು 36. ಆದರೆ ಗುಣಿಸುವ ಇಬ್ಬರಲ್ಲಿ ಒಬ್ಬರಿಗೆ ಇದ್ದರೂ ಸಾಕು, 11 ಎಂಬ ಗುಣ ಉತ್ತರಕ್ಕೆ ಇಳಿದು ಬರುತ್ತದೆ. ಇದರಲ್ಲಿ ಪವಾಡವೇನೂ ಇಲ್ಲ. ಕಣ್ಣು ಮುಚ್ಚಿ ಯಾವ ಸಂಖ್ಯೆ ಎತ್ತಿದರೂ ಅದು 11ರ ಗುಣಕವಾಗುವ ಸಾಧ್ಯತೆ ಹನ್ನೊಂದರಲ್ಲಿ ಒಂದು. ಇಂಪೀರಿಯಲ್ ಕಾಲೇಜಿನವರು ಎತ್ತಿದ ಚೀಟಿಗೆ ಆ ಒಂದು ಬಂತು, ಅಷ್ಟೆ. ಹಾಗಿದ್ದರೂ 69, 69 ಎಂದು ಎರಡು ತಟ್ಟೆಗಳೂ ಸಮ ನಿಂತದ್ದನ್ನು ನೋಡಿದಾಗ ತಕ್ಕಡಿ ನೋಡಿದಷ್ಟೇ ಖುಷಿಯಾಗುತ್ತದೆ.

ಅಕ್ಕಪಕ್ಕದ ಎರಡು ಬೇರೆ ಬೇರೆ ಅಂಕಿಗಳು ಅದಲುಬದಲಾದರೆ ಹನ್ನೊಂದರ ತಾಳೆ ತಕ್ಷಣ ಕೆಡುತ್ತದೆ. ಆದರೆ ಒಂದು ಮನೆ ಬಿಟ್ಟು ಆಚೆಯ ಅಂಕಿಯ ಜೊತೆ ಅದಲುಬದಲಾದರೆ ಎರಡೂ ಅಂಕಿಗಳು ಒಂದೇ ರಾಶಿಯಲ್ಲಿ ಉಳಿಯುವುದರಿಂದ ಹನ್ನೊಂದೂ ಮೋಸ ಹೋಗುತ್ತದೆ. ಅಲ್ಲಿಗೆ ಮೂರನೇ ತಾಳೆ. ಮೂರು ಮೂರು ಅಂಕಿಗಳಿಗೆ ಅಲ್ಪವಿರಾಮ ಹಾಕಿದ್ದು ಇದಕ್ಕೇ.

1000 ಎಂದರೆ 1001−1. ಆದ್ದರಿಂದ ಅಂಕಿಗಳಿಗೆ ಮಾಡಿದ್ದನ್ನೇ ಮೂರಂಕಿಯ ಗುಂಪುಗಳಿಗೆ ಮಾಡಿದರೆ 1001ರ ತಾಳೆ ಸಿಗುತ್ತದೆ. 1001 = 7 × 11 × 13 ಆದ್ದರಿಂದ ಒಂದೇ ಏಟಿಗೆ ಮೂರು ಪರೀಕ್ಷೆ. ಮೊದಲ ಸಂಖ್ಯೆಯಲ್ಲಿ 870, 369, 7 ಒಂದು ರಾಶಿ, ಮೊತ್ತ 1246. 774, 686 ಇನ್ನೊಂದು, ಮೊತ್ತ 1460. ವ್ಯತ್ಯಾಸ −214. ಎರಡನೆಯದರಲ್ಲಿ 880 ಮತ್ತು 1210, ವ್ಯತ್ಯಾಸ −330. ಋಣವನ್ನು ಋಣದಿಂದ ಗುಣಿಸಿದರೆ ಧನ: 214 × 330 = 70,620. ಇದನ್ನೂ ಗುಂಪು ಮಾಡಿ: 620 − 70 = 550. ಈಗ ಉತ್ತರದ ಕಡೆ ಬನ್ನಿ. 730, 462, 995, 668, 18 ಸೇರಿ 2873. 773, 426, 177, 947 ಸೇರಿ 2323. ವ್ಯತ್ಯಾಸ 550.

ಒಂಬತ್ತರ ತಾಳೆಯನ್ನೂ ಇದನ್ನೂ ಸೇರಿಸಿ ನೋಡಿದರೆ, ಸುಮ್ಮನೆ ಬಾಯಿಗೆ ಬಂದ ಒಂದು ಸಂಖ್ಯೆ ಎರಡನ್ನೂ ದಾಟುವ ಸಾಧ್ಯತೆ 9,009ರಲ್ಲಿ ಒಂದು. ಇದು ಪೂರ್ತಿ ಪ್ರಮಾಣವಲ್ಲ, ಆದರೆ ಕ್ಯಾಲೆಂಡರಿನ ಹಿಂಬದಿಯ ಕೆಲಸಕ್ಕೆ ಕಡಿಮೆಯೂ ಅಲ್ಲ.

ಇನ್ನೂ ಕೆಲವು ಗುಣಗಳು ನೋಟಕ್ಕೇ ಸಿಗುತ್ತವೆ. ಕೊನೆಯ ಅಂಕಿ ಸೊನ್ನೆ, ಆದ್ದರಿಂದ 2ರಿಂದಲೂ 5ರಿಂದಲೂ ಭಾಗವಾಗುತ್ತದೆ. ಅಂಕಿಗಳ ಮೊತ್ತ 138 ಮೂರರ ಗುಣಕ, ಹಾಗಾಗಿ 3ರಿಂದಲೂ. 11 ಹೇಗೂ ಇದೆ. ನಾಲ್ಕನ್ನೂ ಗುಣಿಸಿದರೆ 330. ಅಂದರೆ 330 ಜನ ಇದನ್ನು ಸಮವಾಗಿ ಹಂಚಿಕೊಳ್ಳಬಹುದು. ಇದು ಯಾವುದಾದರೂ ಪೂರ್ಣ ಸಂಖ್ಯೆಯ ವರ್ಗವೇ? ಅಲ್ಲ. ವರ್ಗಸಂಖ್ಯೆಯ ಕೊನೆಗೆ ಸೊನ್ನೆಗಳಿದ್ದರೆ ಅವು ಜೋಡಿಯಾಗಿಯೇ ಬರಬೇಕು. ಇಲ್ಲಿರುವುದು ಒಂಟಿ ಸೊನ್ನೆ. 26 ಅಂಕಿಗಳ ಸಂಖ್ಯೆಯ ಬಗ್ಗೆ ಇಷ್ಟು ಖಚಿತವಾದ ಮಾತು ಹೇಳಲು ಕೊನೆಯ ಎರಡು ಅಂಕಿ ನೋಡಿದರೆ ಸಾಕಾಯಿತು.

ನಮ್ಮ ಸೊಸೈಟಿಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬನಿದ್ದಾನೆ. ಮನೆಯಲ್ಲಿ ಕನ್ನಡ, ಲಿಫ್ಟಿನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು, ಕ್ರಿಕೆಟ್ಟಿಗೆ ಮರಾಠಿ. ಇದನ್ನೆಲ್ಲ ತೋರಿಸಿದಾಗ ಅವನ ಪ್ರಶ್ನೆ ನೇರವಾಗಿತ್ತು: “ಅಂಕಲ್, ಕಂಪ್ಯೂಟರ್ ಇರುವಾಗ ಇದೆಲ್ಲ ಯಾಕೆ?”

“ಹಾಗಾದ್ರೆ ಕಂಪ್ಯೂಟರಿನಲ್ಲೇ ಹಾಕಿ ನೋಡಪ್ಪ” ಅಂದೆ.

ಎಕ್ಸೆಲ್ ತೆರೆದು ಎರಡು ಸಂಖ್ಯೆ ಬರೆದು ಗುಣಿಸಿದ. 1.89477, ಪಕ್ಕದಲ್ಲಿ ‘ಇ+25’ ಎಂದು ಬಂತು. “ಪೂರ್ತಿ ತೋರಿಸು” ಅಂದೆ. ಕೋಶವನ್ನು ಅಗಲ ಮಾಡಿ, ಸಂಖ್ಯೆಯ ರೂಪಕ್ಕೆ ಬದಲಾಯಿಸಿದಾಗ ಹೀಗೆ ಕಾಣಿಸಿತು:

18,947,668,177,995,400,000,000,000

ಕೊನೆಯ 11 ಅಂಕಿಗಳು ಸೊನ್ನೆ. ಎಚ್ಚರಿಕೆಯ ಕೆಂಪು ಗೆರೆ ಇಲ್ಲ, ಕ್ಷಮೆಯ ಮಾತಿಲ್ಲ. “ನೀವು ಕೊಟ್ಟದ್ದು ತಪ್ಪಾ, ಇದು ತಪ್ಪಾ?” ಎಂದು ಕೇಳಿದ. “ಅಂಕಿ ಕೂಡಿಸು” ಅಂದೆ. ಕೂಡಿಸಿದ. 91. ಅದು 10, ಕೊನೆಗೆ 1. ಬರಬೇಕಾಗಿದ್ದು 3. ಒಂದು ಬಿಟ್ಟು ಒಂದು ಕೂಡಿಸಿದರೆ 47 ಮತ್ತು 44. ತಕ್ಕಡಿಯೂ ಸಮವಿಲ್ಲ. ಎರಡು ನಿಮಿಷದಲ್ಲಿ ಹುಡುಗ ಪೆನ್ಸಿಲಿನಿಂದಲೇ ಯಂತ್ರದ ಉತ್ತರವನ್ನು ತಿರಸ್ಕರಿಸಿದ್ದ.

ಇದು ಎಕ್ಸೆಲ್‌ನ ಬಗ್ಗೆ ದೂರಲ್ಲ. ಅದು ಸಂಖ್ಯೆಗಳನ್ನು 15 ಅಂಕಿಗಳವರೆಗೆ ಮಾತ್ರ ನಿಖರವಾಗಿ ಇಟ್ಟುಕೊಳ್ಳುತ್ತದೆ ಎಂದು ಅದನ್ನು ಮಾಡಿದವರೇ ಬರೆದಿಟ್ಟಿದ್ದಾರೆ. ನಾವು ಸಾಫ್ಟ್‌ವೇರಿನವರು ದಿನವೂ ಬಳಸುವ 64 ಬಿಟ್‌ನ ಪೂರ್ಣಾಂಕಕ್ಕೂ ಒಂದು ಗಡಿ ಇದೆ: 9,223,372,036,854,775,807. ಬರೀ 19 ಅಂಕಿ. ಶಕುಂತಲಾ ದೇವಿಯವರ ಉತ್ತರಕ್ಕೆ 84 ಬಿಟ್‌ಗಳು ಬೇಕು. ಹಲವು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಆ ಗಡಿ ದಾಟಿದರೆ ಸದ್ದಿಲ್ಲದೆ ಬೇರೆ ಯಾವುದೋ ಸಂಖ್ಯೆ ಬಂದು ಕೂರುತ್ತದೆ. ಪೈಥಾನ್‌ನಲ್ಲಿ ಬರೆದರೆ 26 ಅಂಕಿಗಳೂ ಸರಿಯಾಗಿ ಬರುತ್ತವೆ, ಯಾಕೆಂದರೆ ಅದು ದೊಡ್ಡ ಸಂಖ್ಯೆಯನ್ನು ತುಂಡು ತುಂಡು ಮಾಡಿ ನಮ್ಮ ಶಾಲೆಯ ಪದ್ಧತಿಯಂಥದ್ದೇ ದಾರಿಯಲ್ಲಿ ಗುಣಿಸುತ್ತದೆ. ಈಗಿನ ಎಐ ಚಾಟ್‌ಬಾಟ್‌ಗಳನ್ನು ಕೇಳಿದರೆ ಮೊದಲ ಕೆಲವು ಅಂಕಿ ಸರಿ, ಕೊನೆಯ ಕೆಲವು ಅಂಕಿ ಸರಿ, ನಡುವೆ ತಪ್ಪು ಎಂಬಂಥ ಉತ್ತರ ಬರುವುದುಂಟು. ನೋಡಲು ಮಾತ್ರ ಬಹಳ ನಂಬಿಕಸ್ಥನ ಹಾಗೆ ಕಾಣುತ್ತದೆ. ಕಂಪ್ಯೂಟರ್ ಇರುವಾಗ ಇದೆಲ್ಲ ಯಾಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಗುಣಿಸುವ ಕೆಲಸವನ್ನು ಯಂತ್ರಕ್ಕೆ ಬಿಡಬಹುದು, ಬಿಟ್ಟಿದ್ದೇವೆ ಕೂಡ. ತಾಳೆ ನೋಡುವುದನ್ನು ಅದೇ ಯಂತ್ರಕ್ಕೆ ಬಿಟ್ಟರೆ ತಾಳೆಗೆ ಅರ್ಥವಿಲ್ಲ.

ಅಷ್ಟೇ ಅಲ್ಲ, ಈ ತಾಳೆಯ ಮರಿಮಕ್ಕಳು ನಿಮ್ಮ ಜೇಬಿನಲ್ಲೇ ಇದ್ದಾರೆ. ಕ್ರೆಡಿಟ್ ಕಾರ್ಡಿನ ಕೊನೆಯ ಅಂಕಿ ಖಾತೆಯದ್ದಲ್ಲ, ಉಳಿದ ಅಂಕಿಗಳಿಂದ ಲೆಕ್ಕ ಹಾಕಿ ಇಟ್ಟ ಕಾವಲು ಅಂಕಿ. ಐಬಿಎಂನ ಹಾನ್ಸ್ ಪೀಟರ್ ಲೂನ್ 1950ರ ದಶಕದಲ್ಲಿ ರೂಪಿಸಿದ ವಿಧಾನ ಅದು. ಒಂದು ಅಂಕಿ ತಪ್ಪಾದರೆ ಖಂಡಿತ ಹಿಡಿಯುತ್ತದೆ. ಅಕ್ಕಪಕ್ಕದವು ಅದಲುಬದಲಾದರೂ ಹಿಡಿಯುತ್ತದೆ, 09 ಮತ್ತು 90 ಎಂಬ ಒಂದೇ ಜೋಡಿಯನ್ನು ಬಿಟ್ಟು. ಆಧಾರ್‌ನ 12ನೇ ಅಂಕಿಯೂ ಕಾವಲುಗಾರನೇ. ಅಲ್ಲಿರುವುದು ನೆದರ್‌ಲೆಂಡ್ಸ್‌ನ ಫರ್ಹೂಫ್ 1969ರಲ್ಲಿ ಪ್ರಕಟಿಸಿದ ವಿಧಾನ. ಅದು ಆ ಜೋಡಿಯನ್ನೂ ಬಿಡುವುದಿಲ್ಲ. 2007ಕ್ಕೆ ಮೊದಲಿನ ಪುಸ್ತಕಗಳ ಹಿಂದೆ 10 ಅಂಕಿಯ ಐಎಸ್‌ಬಿಎನ್ ನೋಡಿರಬಹುದು. ಅದರ ತಾಳೆ ನೇರವಾಗಿ 11ರದ್ದೇ. ಕೆಲವು ಪುಸ್ತಕಗಳಲ್ಲಿ ಕೊನೆಗೆ ಅಂಕಿಯ ಬದಲು ‘ಎಕ್ಸ್’ ಎಂಬ ಅಕ್ಷರ ಇರುವುದು, ಅಲ್ಲಿ ಶೇಷ ಹತ್ತು ಬಂದಿದೆ ಎಂದು ತಿಳಿಸಲು. ಫಾರಂ ತುಂಬುವಾಗ ಒಂದು ಅಂಕಿ ಆಚೆ ಈಚೆಯಾದ ಕೂಡಲೇ ಪರದೆ ‘ಸಂಖ್ಯೆ ಸರಿಯಿಲ್ಲ’ ಎನ್ನುತ್ತದಲ್ಲ, ಅದು ಯಾವ ದೂರದ ಸರ್ವರನ್ನೂ ಕೇಳದೆ ಹೇಳಬಹುದಾದ ಮಾತು. ಸಂಖ್ಯೆಯೇ ತನ್ನ ಬಗ್ಗೆ ಹೇಳಿಕೊಳ್ಳುತ್ತದೆ.

ನವಿ ಮುಂಬಯಿಯಲ್ಲಿ ಈಗ ಸೆಕ್ಟರಿಗೊಂದು ಅಬಾಕಸ್ ಕ್ಲಾಸು. ಮಕ್ಕಳು ಗಾಳಿಯಲ್ಲಿ ಬೆರಳಾಡಿಸುತ್ತಾ ಉತ್ತರ ಹೇಳುವುದನ್ನು ನೋಡಿ ನಾವು ಚಪ್ಪಾಳೆ ತಟ್ಟುತ್ತೇವೆ. ತಟ್ಟೋಣ, ಬೇಡವೆನ್ನುವುದಿಲ್ಲ. ಆದರೆ ಮುಂದೆ ಆ ಮಕ್ಕಳು ಬದುಕುವ ಲೋಕದಲ್ಲಿ ವೇಗವಾಗಿ ಉತ್ತರ ಕೊಡುವವರಿಗೆ ಬರವಿಲ್ಲ, ಜೇಬಿನಲ್ಲಿರುವ ಫೋನೇ ಕೊಡುತ್ತದೆ. ಕೊಟ್ಟ ಉತ್ತರವನ್ನು ನಿಲ್ಲಿಸಿ ‘ಇದು ಇರಲು ಸಾಧ್ಯವೇ?’ ಎಂದು ಕೇಳುವವರು ಬೇಕು. ಶಕುಂತಲಾ ದೇವಿಯವರಿಗೂ ‘ಮಾನವ ಕಂಪ್ಯೂಟರ್’ ಎಂಬ ಬಿರುದು ಹಿಡಿಸುತ್ತಿರಲಿಲ್ಲ. ಮನುಷ್ಯನ ಮನಸ್ಸು ಯಂತ್ರಕ್ಕಿಂತ ದೊಡ್ಡದು ಎಂಬುದು ಅವರ ನಿಲುವಾಗಿತ್ತು. ಅವರ ವೇಗ ನಮಗೆ ಬರಲಾರದು. ಅವರ ಉತ್ತರದ ಸತ್ಯವನ್ನು ಪರೀಕ್ಷಿಸುವ ಶಕ್ತಿ ಮಾತ್ರ ಒಂಬತ್ತನೇ ಕ್ಲಾಸಿನ ಹುಡುಗನಿಗೂ ಇದೆ.

ಕೊನೆಗೆ ಒಂದು ಮನೆಗೆಲಸ. ಕ್ರಿ.ಶ. 850ರ ಸುಮಾರಿಗೆ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡವನ್ನು ರಾಜಧಾನಿ ಮಾಡಿಕೊಂಡಿದ್ದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಹೊಂಬುಜದಿಂದ ಪ್ರಕಟವಾದ ಪ್ರೊ. ಪದ್ಮಾವತಮ್ಮ ಅವರ ಕನ್ನಡ ಅನುವಾದವೂ ಇದೆ. ಬಿಡಿ, ಹತ್ತು, ನೂರರಿಂದ ಹಿಡಿದು ‘ಮಹಾಕ್ಷೋಭ’ದವರೆಗೆ 24 ಸ್ಥಾನಗಳಿಗೆ ಅವನು ಹೆಸರು ಕೊಟ್ಟಿದ್ದಾನೆ. ನಮ್ಮ 26 ಅಂಕಿಗಳ ಸಂಖ್ಯೆ ಆ ಪಟ್ಟಿಯನ್ನೂ ಎರಡು ಮನೆ ಮೀರುತ್ತದೆ. ಅವನ ಭಾಷೆಯಲ್ಲಿ ಅದು ಸುಮಾರು 189 ಮಹಾಕ್ಷೋಭ. ಅವನಿಗೆ ಹಾರದಂತೆ ಎರಡು ಕಡೆಯಿಂದಲೂ ಒಂದೇ ರೀತಿ ಕಾಣುವ ಉತ್ತರಗಳೆಂದರೆ ಬಹಳ ಇಷ್ಟ. ಅವನು ಕೊಟ್ಟ ಗುಣಾಕಾರಗಳಲ್ಲಿ ಒಂದು ಇದು:

27,994,681 × 441 = 12,345,654,321

ಉತ್ತರ ಒಂದರಿಂದ ಆರಕ್ಕೆ ಏರಿ ಮತ್ತೆ ಒಂದಕ್ಕೆ ಇಳಿಯುತ್ತದೆ. ಒಂದು ಬಿಟ್ಟು ಒಂದು ಅಂಕಿ ಕೂಡಿಸಿ ನೋಡಿ, ಇಲ್ಲೂ ತಕ್ಕಡಿ ಸಮ ನಿಲ್ಲುತ್ತದೆಯೇ? ಆಮೇಲೆ, 441 ಎಂದರೆ 21ರ ವರ್ಗ ಎಂದು ಗೊತ್ತಿರುವವರು 27,994,681ರ ವರ್ಗಮೂಲವನ್ನೂ ಹುಡುಕಿ. ಸಿಕ್ಕಿದ್ದನ್ನು 21ರಿಂದ ಗುಣಿಸಿದಾಗ ಏನು ಬರುತ್ತದೆ ಎಂದು ನಾನು ಹೇಳುವುದಿಲ್ಲ. ಫೋನಿನ ಕ್ಯಾಲ್ಕುಲೇಟರ್ ಬಳಸಬಹುದು, ಅಡ್ಡಿಯಿಲ್ಲ. ಬಂದ ಉತ್ತರವನ್ನು ಮಾತ್ರ ಪೆನ್ಸಿಲಿನಿಂದ ತಾಳೆ ನೋಡಿ.